ಥೇಮ್ಸ್ ಡೆಲ್ಟಾದ ನಾಲ್ವರು: ಒಂದು ಪಬ್ ಬ್ಯಾಂಡಿನ ಕಥೆ

(ಹಾಡು ಕೇಳುವ ಹುಚ್ಚಿರುವವರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅಲ್ಲಿ ಹಾಡು ಕೇಳಿಸಿ ಮುಗಿಸಿದ ಕಡೆ ಇಲ್ಲಿ ನಾಲ್ಕು ಮಾತು ಜಾಸ್ತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಬ್ಯಾಂಡನ್ನು ಮೊದಲ ಸಲ ಕೇಳಿದಾಗ ನನ್ನ ಹೆಡ್‌ಫೋನ್ ಕೆಟ್ಟಿದೆ ಅಂದುಕೊಂಡೆ. ಗಿಟಾರ್, ಬಾಸ್, ಡ್ರಮ್ಸ್, ಹಾಡುವವರ ದನಿ ಎಲ್ಲವೂ ತಲೆಯ ನಟ್ಟನಡುವೆ ಗುಡ್ಡೆ ಹಾಕಿದ ಹಾಗೆ ಕೇಳುತ್ತಿತ್ತು. ಎಡಕ್ಕೆ ಬೇರೆ, ಬಲಕ್ಕೆ ಬೇರೆ ಅನ್ನುವುದೇ ಇಲ್ಲ. ಪಿನ್ ಕಿತ್ತು ಅಂಗಿಗೆ ಒರೆಸಿದೆ. ತಿರುಗಿಸಿ ಚುಚ್ಚಿದೆ. ಬೇರೆ ಹಾಡು ಹಾಕಿ ನೋಡಿದರೆ ಅದು ಸರಿಯಾಗೇ ಬಂತು. ಆಮೇಲೆ ಗೊತ್ತಾಯಿತು, ಆ ಎಲ್‌ಪಿಯನ್ನು (ಹಲವು ಹಾಡುಗಳಿರುವ ದೊಡ್ಡ ರೆಕಾರ್ಡನ್ನು) ಮಾಡಿದ್ದೇ ಹಾಗೆ. 1975ರ ಜನವರಿ. ಎಲ್ಲರೂ ಸ್ಟೀರಿಯೋದಲ್ಲಿ ಸದ್ದನ್ನು ಹರಡಿ ಹರಡಿ ಮಜಾ ಮಾಡುತ್ತಿದ್ದ ಕಾಲ. ಆಗ ಇವರು ತಮ್ಮ ಮೊದಲನೇ ರೆಕಾರ್ಡನ್ನು ಮೋನೋದಲ್ಲಿ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು ಬರುವ ಹಾಗೆ, ತಂದರು. ರೆಕಾರ್ಡಿನ ಹೆಸರು 'ಡೌನ್ ಬೈ ದ ಜೆಟ್ಟಿ' (ಜೆಟ್ಟಿ ಅಂದರೆ ಹಡಗುಕಟ್ಟೆ). ಬ್ಯಾಂಡಿನ ಹೆಸರು ಡಾಕ್ಟರ್ ಫೀಲ್‌ಗುಡ್.

ಪಬ್ಬಿನಲ್ಲಿ ನಿಂತು ಬ್ಯಾಂಡ್ ಕೇಳಿದವರಿಗೆ ಇದರಲ್ಲಿ ವಿಚಿತ್ರ ಏನೂ ಕಾಣುವುದಿಲ್ಲ. ಕೋಣೆ ಚಿಕ್ಕದು. ಸದ್ದೆಲ್ಲ ಒಂದೇ ಮೂಲೆಯಿಂದ ಬಂದು ಎದೆಗೆ ಗುದ್ದುತ್ತದೆ. ಹಾಡು ಹುಟ್ಟಿದ ಕೋಣೆ ಎಷ್ಟು ದೊಡ್ಡದು ಅನ್ನುವುದು ಹಾಡಿನ ಒಳಗೇ ಇರುತ್ತದೆ ಅನ್ನುವುದು ನನ್ನ ನಂಬಿಕೆ. ಅದಕ್ಕೆ ಇವರ ಕಥೆ ಹೇಳುವಾಗ ನಾನು ಜಾಗದ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ.

ಮೊದಲು ಊರು. ಲಂಡನ್ನಿನಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ಥೇಮ್ಸ್ ನದಿ ಅಗಲವಾಗಿ ಸಮುದ್ರ ಸೇರುವ ಕಡೆ ಕ್ಯಾನ್ವಿ ದ್ವೀಪ ಸಿಗುತ್ತದೆ. ಎಸೆಕ್ಸ್ ಕೌಂಟಿಗೆ ಸೇರಿದ್ದು. ದ್ವೀಪ ಅಂದಕೂಡಲೇ ತೆಂಗಿನ ಮರ, ಬಿಳಿ ಮರಳು ಎಲ್ಲ ಮನಸ್ಸಿಗೆ ಬರುತ್ತದೆ ಅಲ್ವಾ? ಅದನ್ನು ಈಗಲೇ ಅಳಿಸಿಬಿಡಿ. ಇದು ಚಪ್ಪಟೆ ನೆಲ. 17ನೇ ಶತಮಾನದಲ್ಲಿ ಡಚ್ಚರು ಬಂದು ಏರಿ ಕಟ್ಟಿ, ಜೌಗು ಪ್ರದೇಶದಿಂದ ಬಿಡಿಸಿಕೊಂಡ ನೆಲ. ಭರತದ ನೀರು ಏರಿದಾಗ ಊರು ನೀರಿನ ಮಟ್ಟಕ್ಕಿಂತ ಕೆಳಗೇ ಇರುತ್ತದೆ. ಸುತ್ತಲಿನ ಗೋಡೆಯೇ ಅದನ್ನು ಕಾಯಬೇಕು.

1953ರ ಜನವರಿ 31ರ ರಾತ್ರಿ ಗೋಡೆ ಕಾಯಲಿಲ್ಲ. ಉತ್ತರ ಸಮುದ್ರ ಉಕ್ಕಿ ಬಂತು. ಕ್ಯಾನ್ವಿಯೊಂದರಲ್ಲೇ 58 ಜನ ಸತ್ತರು. ಇಡೀ ದ್ವೀಪವನ್ನು ಖಾಲಿ ಮಾಡಿಸಬೇಕಾಯಿತು. ಆಗ ಅಲ್ಲಿ ಜಾನ್ ವಿಲ್ಕಿನ್ಸನ್ ಅಂತ ಐದು ವರ್ಷದ ಹುಡುಗನೊಬ್ಬ ಇದ್ದ. ಮುಂದೆ ಅವನು ತನ್ನ ಹೆಸರನ್ನು ಹಿಂದುಮುಂದು ಮಾಡಿ ವಿಲ್ಕೊ ಜಾನ್ಸನ್ ಆದ.

ಪ್ರವಾಹ ಇಳಿದ ಮೇಲೆ ಗೋಡೆ ಎತ್ತರವಾಯಿತು. ಎಣ್ಣೆ ಟ್ಯಾಂಕುಗಳೂ ಗ್ಯಾಸ್ ಟ್ಯಾಂಕುಗಳೂ ಬಂದವು. ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. 1959ರಲ್ಲಿ ದ್ರವ ರೂಪದ ನೈಸರ್ಗಿಕ ಅನಿಲವನ್ನು ಜಗತ್ತಿನಲ್ಲೇ ಮೊದಲ ಸಲ ಹಡಗಿನಲ್ಲಿ ತುಂಬಿ ಸಾಗರ ದಾಟಿಸಿದರು. ಆ ಹಡಗು ಬಂದು ನಿಂತಿದ್ದು ಕ್ಯಾನ್ವಿಯಲ್ಲಿ. ಹೊರಟಿದ್ದು ಅಮೆರಿಕದ ಲೂಸಿಯಾನಾದಿಂದ. ಇವರು ನುಡಿಸುತ್ತಿದ್ದ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಹಾಡು, ಹುಟ್ಟಿದ ಮಿಸಿಸಿಪಿ ರಾಜ್ಯದ ಪಕ್ಕದ ರಾಜ್ಯ ಅದು. ಗ್ಯಾಸೂ ಅತ್ತ ಕಡೆಯಿಂದಲೇ ಬಂತು, ಹಾಡೂ ಅತ್ತ ಕಡೆಯಿಂದಲೇ ಬಂತು.

ಬ್ಲೂಸಿನವರು 'ಡೆಲ್ಟಾ' ಅನ್ನುವುದು ನದಿ ಸಮುದ್ರ ಸೇರುವ ಜಾಗವನ್ನಲ್ಲ, ಇದನ್ನು ಎಷ್ಟೋ ಜನ ತಪ್ಪು ತಿಳಿದಿರುತ್ತಾರೆ. ಮಿಸಿಸಿಪಿ ಮತ್ತು ಯಾಜೂ ನದಿಗಳ ನಡುವಿನ ಬಯಲು ಅದು. ಹತ್ತಿ ಬೆಳೆಯುವ ಚಪ್ಪಟೆ ನೆಲ. 1927ರಲ್ಲಿ ಅಲ್ಲೂ ಏರಿ ಒಡೆದು ಊರೂರೇ ಮುಳುಗಿದ್ದವು. ಕ್ಯಾನ್ವಿಯ ಹುಡುಗರು ತಮಾಷೆಗೆ ತಮ್ಮ ಜಾಗವನ್ನು 'ಥೇಮ್ಸ್ ಡೆಲ್ಟಾ' ಅಂತ ಕರೆಯತೊಡಗಿದರು. ತಮಾಷೆಯೇನೋ ನಿಜ. ಆದರೆ ಏರಿಯ ಕೆಳಗೆ ಬದುಕುವವರು ಮಾಡಬಹುದಾದ ತಮಾಷೆ ಅದು. ದೊಡ್ಡ ಪಟ್ಟಣದಲ್ಲಿ ಕೂತವರು ಅದೇ ಮಾತು ಆಡಿದ್ದರೆ ಹುಸಿ ಅನ್ನಿಸುತ್ತಿತ್ತು.

ಈಗ ಆ ನಾಲ್ವರು. ಗಿಟಾರ್ ನುಡಿಸಿದ ವಿಲ್ಕೊ ಓದಿಕೊಂಡ ಮನುಷ್ಯ. ನ್ಯೂಕಾಸಲ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದರು. ಹಳೆಯ ಐಸ್‌ಲ್ಯಾಂಡಿನ ವೀರಕಥೆಗಳ ಹುಚ್ಚು ಹತ್ತಿಸಿಕೊಂಡರು. ನೆಲದ ದಾರಿಯಲ್ಲೇ ಭಾರತದವರೆಗೂ ಬಂದು ಹೋದರು. ವಾಪಸ್ ಹೋಗಿ ಇಂಗ್ಲಿಷ್ ಮೇಷ್ಟ್ರಾದರು. ಹಾಡುಗಾರ ಲೀ ಬ್ರಿಲೋ ಹುಟ್ಟಿದ್ದು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ, ಹುಡುಗನಾಗಿದ್ದಾಗ ಕ್ಯಾನ್ವಿಗೆ ಬಂದವರು. ನಿಜವಾದ ಹೆಸರು ಲೀ ಕಾಲಿನ್ಸನ್. ತಲೆಗೂದಲು ಪಾತ್ರೆ ಉಜ್ಜುವ 'ಬ್ರಿಲ್ಲೊ' ನಾರಿನ ಹಾಗಿತ್ತು ಅಂತ ಗೆಳೆಯರು ಇಟ್ಟ ಅಡ್ಡಹೆಸರಿಗೆ ಫ್ರೆಂಚ್ ಸ್ಪೆಲಿಂಗಿನ ಒಗ್ಗರಣೆ ಹಾಕಿ ಬ್ರಿಲೋ ಆದರು. ಬಾಸ್ ನುಡಿಸಿದ್ದು ಜಾನ್ ಸ್ಪಾರ್ಕ್ಸ್, ಎಲ್ಲರಿಗೂ ಸ್ಪಾರ್ಕೊ. ಡ್ರಮ್ಸ್‌ಗೆ ಜಾನ್ ಮಾರ್ಟಿನ್. ಆಳು ಭಾರಿ, ಹಾಗಾಗಿ 'ಬಿಗ್ ಫಿಗರ್'. ನಾಲ್ವರಲ್ಲಿ ಮೂವರು ಜಾನ್‌ಗಳು, ಅಡ್ಡಹೆಸರಿಲ್ಲದೆ ಕೆಲಸ ನಡೆಯುತ್ತಿರಲಿಲ್ಲ!

1971ರಲ್ಲಿ ಒಟ್ಟಾದರು. ಬ್ಯಾಂಡಿನ ಹೆಸರು ಪಿಯಾನೋ ರೆಡ್ ಅನ್ನುವ ಅಮೆರಿಕದ ಬ್ಲೂಸ್ ಕಲಾವಿದರ 1962ರ ರೆಕಾರ್ಡಿನಿಂದ ತೆಗೆದುಕೊಂಡಿದ್ದು. ಮೊದಲೆರಡು ವರ್ಷ ಊರಿನ ಸುತ್ತಮುತ್ತಲೇ ನುಡಿಸಿದರು. ನಡುವೆ ಒಂದು ದಿನ ಮಾತ್ರ, 1972ರ ಆಗಸ್ಟ್ 5ರಂದು, ವೆಂಬ್ಲಿ ಸ್ಟೇಡಿಯಮ್ಮಿನಲ್ಲಿ ನಿಂತರು. ಹೈನ್ಸ್ ಅನ್ನುವ ಹಳೆಯ ಪಾಪ್ ಗಾಯಕರ ಹಿಂದೆ ವಾದ್ಯ ನುಡಿಸೋಕೆ ಹೋಗಿದ್ದರು. ಚಕ್ ಬೆರ್ರಿ, ಲಿಟಲ್ ರಿಚರ್ಡ್ ಥರದ ಅಮೆರಿಕದ ರಾಕ್ ಅಂಡ್ ರೋಲ್ ದೊಡ್ಡವರೆಲ್ಲ ಅದೇ ವೇದಿಕೆ ಹತ್ತಿದ ದಿನ ಅದು. ಅದು ಮುಗಿದ ಮೇಲೆ ಮತ್ತೆ ಕ್ಯಾನ್ವಿ, ಮತ್ತೆ ಪಬ್ಬು.

ಪಬ್ ವಿಷಯಕ್ಕೆ ಬಂದೆವು. 'ಪಬ್ ರಾಕ್' ಅನ್ನುವುದು ಒಂದು ಶೈಲಿಯ ಹೆಸರು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಬರೀ ವಿಳಾಸ. 1970ರ ಹೊತ್ತಿಗೆ ಬ್ರಿಟನ್ನಿನ ದೊಡ್ಡ ರಾಕ್ ಬ್ಯಾಂಡುಗಳೆಲ್ಲ ದೊಡ್ಡ ಹಾಲುಗಳಿಗೆ ಹೋಗಿದ್ದವು. ಲಾರಿಗಟ್ಟಲೆ ಸಾಮಾನು, ಇಪ್ಪತ್ತು ನಿಮಿಷದ ಹಾಡು, ಅದರಲ್ಲಿ ಹತ್ತು ನಿಮಿಷ ಒಬ್ಬರೇ ಡ್ರಮ್ಸ್ ಬಾರಿಸುವುದು. ಇತ್ತ ಸಣ್ಣಪುಟ್ಟ ಬ್ಯಾಂಡುಗಳಿಗೆ ನುಡಿಸೋಕೆ ಜಾಗವೇ ಇಲ್ಲ. 1971ರಲ್ಲಿ ಲಂಡನ್ನಿನ ಕೆಂಟಿಶ್ ಟೌನಿನಲ್ಲಿ 'ಟ್ಯಾಲಿ ಹೋ' ಅಂತ ಒಂದು ಜಾಜ್ ಪಬ್ ಇತ್ತು. ರೆಕಾರ್ಡಿಂಗಿಗೆಂದು ಲಂಡನ್ನಿಗೆ ಬಂದಿದ್ದ ಎಗ್ಸ್ ಓವರ್ ಈಸಿ ಅನ್ನುವ ಅಮೆರಿಕನ್ ಬ್ಯಾಂಡಿನವರು ಅಲ್ಲಿಗೆ ಹೋಗಿ, ನಮಗೂ ಒಂದು ರಾತ್ರಿ ಕೊಡಿ ಅಂದರು. ಜನ ಸೇರಿದರು, ಬಿಯರ್ ಖರ್ಚಾಯಿತು. ಅದನ್ನು ನೋಡಿ ಬೇರೆ ಪಬ್‌ಗಳೂ ಬಾಗಿಲು ತೆರೆದವು. ಇಸ್ಲಿಂಗ್ಟನ್ನಿನ 'ಹೋಪ್ ಅಂಡ್ ಆ್ಯಂಕರ್', ವೆಸ್ಟ್ ಕೆನ್ಸಿಂಗ್ಟನ್ನಿನ 'ನ್ಯಾಶ್‌ವಿಲ್', ಹೀಗೆ ಒಂದು ದಾರಿಯೇ ಆಯಿತು.

ಪಬ್ಬಿನ ಲೆಕ್ಕ ಸರಳ. ಯಜಮಾನನಿಗೆ ಬೇಕಿರುವುದು ಬಿಯರ್ ಮಾರಾಟ. ಜನ ಟಿಕೆಟ್ ತೆಗೆದು ಕೈಕಟ್ಟಿ ಕೂತಿಲ್ಲ, ಗ್ಲಾಸ್ ಹಿಡಿದು ನಿಂತಿದ್ದಾರೆ. ಹಾಡು ಶುರುವಾಗೋಕೆ ಎರಡು ನಿಮಿಷ ತಡವಾದರೆ ಬೆನ್ನು ತಿರುಗಿಸಿ ಮಾತಿಗೆ ಇಳಿಯುತ್ತಾರೆ. ಆ ಕಾಲದಲ್ಲಿ ರಾತ್ರಿ 11ಕ್ಕೆ ಕಾನೂನಿನ ಪ್ರಕಾರ ಬಾಗಿಲು ಹಾಕಬೇಕಿತ್ತು. ಡ್ರಮ್ಸ್ ಇಟ್ಟ ಮೇಲೆ ಉಳಿಯುವ ಜಾಗದಲ್ಲಿ ಮೂವರು ನಿಲ್ಲಬೇಕು. ಇಂಥ ಜಾಗದಲ್ಲಿ ಎಂಥ ಹಾಡು ಬದುಕುತ್ತದೆ ಹೇಳಿ? ಮೂರು ನಿಮಿಷದ್ದು. ಮೊದಲ ಪೆಟ್ಟಿಗೇ ಕಾಲು ಕುಣಿಸುವಂಥದ್ದು.

ಬ್ಲೂಸ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೂರೇ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು), ಹನ್ನೆರಡು ಬಾರ್‌ಗಳ, ಅಂದರೆ ತಾಳದ ಹನ್ನೆರಡು ಭಾಗಗಳ, ಒಂದು ಆವರ್ತ. ಒಂದು ಸಾಲು ಹಾಡು, ಅದನ್ನೇ ಮತ್ತೆ ಹಾಡು, ಮೂರನೇ ಸಾಲಿನಲ್ಲಿ ಜವಾಬು ಕೊಡು. ಕಲಿಯೋಕೆ ಒಂದು ವಾರ ಸಾಕು. ಕೇಳುವ ಹಾಗೆ ನುಡಿಸೋಕೆ ಮಾತ್ರ ಜನ್ಮ ಸಾಲದು.

ಫೀಲ್‌ಗುಡ್ 1973ರ ಬೇಸಿಗೆಯಲ್ಲಿ ಲಂಡನ್ನಿನ ಪಬ್‌ಗಳಿಗೆ ಬಂತು. ಆ ಹೊತ್ತಿಗೆ ಪಬ್ ರಾಕ್ ಬ್ಯಾಂಡುಗಳಲ್ಲಿ ಬಹುತೇಕರದು ಗಡ್ಡ, ಉದ್ದ ಕೂದಲು, ಡೆನಿಮ್ ಅಂಗಿ, ಅಮೆರಿಕದ ಹಳ್ಳಿಗಾಡಿನ ಧಾಟಿಯ ಹಿತವಾದ ಕಂಟ್ರಿ ಹಾಡುಗಳು. ಇವರು ಬಂದಿದ್ದು ಅಗ್ಗದ, ಬಿಗಿಯಾದ ಸೂಟುಗಳಲ್ಲಿ. ಸಾಲ ವಸೂಲಿಗೆ ಬಂದವರ ಹಾಗೆ ಕಾಣುತ್ತಿದ್ದರು. ಲೀ ಹಾಕುತ್ತಿದ್ದುದು ಬಿಳಿ ಕೋಟು. ಬೆವರು, ಬಿಯರು, ಸಿಗರೇಟಿನ ಬೂದಿ ಎಲ್ಲ ಸೇರಿ ಆ ಬಿಳಿ ಬಣ್ಣ ಪ್ರವಾಸದುದ್ದಕ್ಕೂ ಕಂದುತ್ತಾ ಹೋಗುತ್ತಿತ್ತು. ಮೈಕನ್ನು ಕತ್ತು ಹಿಸುಕುವ ಹಾಗೆ ಹಿಡಿದು ಹಾಡುತ್ತಿದ್ದರು, ನಡುವೆ ಮೌತ್ ಆರ್ಗನ್. ಹಿಂದೆ ಸ್ಪಾರ್ಕೊ ಮತ್ತು ಬಿಗ್ ಫಿಗರ್ ಗೋಡೆಯ ಹಾಗೆ. ಇಬ್ಬರ ಬಗ್ಗೆ ಬರೆಯುವವರು ಕಡಿಮೆ. ಆದರೆ ಆ ಗೋಡೆ ಒಂದು ಕ್ಷಣ ಅಲುಗಿದ್ದರೂ ಮುಂದಿನ ಇಬ್ಬರು ಬಿದ್ದೇ ಹೋಗುತ್ತಿದ್ದರು.

ವಿಲ್ಕೊ ಬಗ್ಗೆ ಹೇಳೋಕೆ ಗಿಟಾರ್ ನುಡಿಸುವ ಗೆಳೆಯನೊಬ್ಬನನ್ನು ಮುಂದೆ ಕರೆದೆ. (ಪಾಪ, ಅವನಿಗೆ ಮೊದಲೇ ಹೇಳಿರಲಿಲ್ಲ.) ಸಾಮಾನ್ಯವಾಗಿ ರಾಕ್ ಬ್ಯಾಂಡಿನಲ್ಲಿ ಇಬ್ಬರು ಗಿಟಾರಿನವರು ಇರುತ್ತಾರೆ. ಒಬ್ಬರು ಕಾರ್ಡ್ ಬಾರಿಸುತ್ತಾ ಲಯ ಹಿಡಿಯುತ್ತಾರೆ, ಇನ್ನೊಬ್ಬರು ಲೀಡ್, ಅಂದರೆ ಬಿಡಿ ಸ್ವರಗಳ ಎಳೆ ನುಡಿಸುತ್ತಾರೆ. ಫೀಲ್‌ಗುಡ್‌ನಲ್ಲಿ ಒಂದೇ ಗಿಟಾರ್. ಎರಡೂ ಕೆಲಸ ಅದೇ ಮಾಡಬೇಕು. ಗೆಳೆಯ ಮೊದಲು ಪಿಕ್ (ತಂತಿ ಮೀಟುವ ಸಣ್ಣ ಬಿಲ್ಲೆ) ಹಿಡಿದು ಬಾರಿಸಿದ. ಸದ್ದು ಚೆನ್ನಾಗಿತ್ತು, ಸಪಾಟಾಗಿತ್ತು. ಈಗ ಪಿಕ್ ಬಿಸಾಕು, ಬರಿಗೈಯಲ್ಲಿ ಬಾರಿಸು ಅಂದೆ. ಬೆರಳುಗಳನ್ನು ಸಡಿಲ ಬಿಟ್ಟು ಕೈಯನ್ನು ಮೇಲೆ ಕೆಳಗೆ ಬೀಸಬೇಕು. ಉಗುರು, ಬೆರಳ ತುದಿ, ಹೆಬ್ಬೆರಳು ಎಲ್ಲ ತಂತಿಗೆ ಬೇರೆ ಬೇರೆ ಗಳಿಗೆಯಲ್ಲಿ ತಾಗುತ್ತವೆ. ಆಗ ಎಡಗೈಯದೇ ಮುಖ್ಯ ಕೆಲಸ. ಕಾರ್ಡ್ ಒತ್ತಿ ಹಿಡಿದು ತಕ್ಷಣ ಸಡಿಲಿಸಿದರೆ ಸದ್ದು ಕತ್ತರಿಸಿದ ಹಾಗೆ ನಿಲ್ಲುತ್ತದೆ. ಒತ್ತು, ಬಿಡು, ಒತ್ತು, ಬಿಡು. ಆ ನಿಲ್ಲುವ ಜಾಗಗಳೇ ತಾಳ. ನಡುನಡುವೆ ಒಂದು ಸಣ್ಣ ಸ್ವರದ ಎಳೆ ಹೊರಗೆ ಜಿಗಿಯುತ್ತದೆ, ಅಷ್ಟರಲ್ಲಿ ಮತ್ತೆ ಕಾರ್ಡ್. ಎರಡು ನಿಮಿಷ ಬಾರಿಸಿ ಗೆಳೆಯ ಕೈ ಒದರಿದ. ತೋರುಬೆರಳಿನ ಉಗುರಿನ ಪಕ್ಕ ಕೆಂಪಗಾಗಿತ್ತು. ವಿಲ್ಕೊಗೂ ಬೆರಳಿನಿಂದ ರಕ್ತ ಬರುತ್ತಿತ್ತು. ಅವರ ಕಪ್ಪು ಟೆಲಿಕಾಸ್ಟರ್ ಗಿಟಾರಿನ ಮೇಲಿನ ತಗಡು ಕೆಂಪು ಬಣ್ಣದ್ದು, ಕಲೆ ಕಾಣದಿರಲಿ ಅಂತಲೇ ಹಾಗಿತ್ತು ಅಂತ ತಮಾಷೆ ಮಾಡುವವರಿದ್ದರು.

ಈ ಕೈಯನ್ನು ವಿಲ್ಕೊ ಕಂಡುಹಿಡಿದಿದ್ದಲ್ಲ. ಜಾನಿ ಕಿಡ್ ಅಂಡ್ ದ ಪೈರೇಟ್ಸ್ ಬ್ಯಾಂಡಿನ ಮಿಕ್ ಗ್ರೀನ್ ಅವರನ್ನು ಕೇಳಿ ಕೇಳಿ, ಅವರ ಹಾಗೆ ನುಡಿಸೋಕೆ ಹೋಗಿ, ಬೇರೇನೋ ಆಯಿತು. ನಕಲು ಮಾಡುವಾಗ ಆಗುವ ತಪ್ಪುಗಳೇ ಎಷ್ಟೋ ಸಲ ಒಬ್ಬರ ಸ್ವಂತ ಶೈಲಿ ಆಗಿಬಿಡುತ್ತವೆ. ಇನ್ನೊಂದು, ವಿಲ್ಕೊ ಹುಟ್ಟಿನಿಂದ ಎಡಚರು. ಬಲಗೈ ಗಿಟಾರ್ ಕಲಿತರು. ನುಡಿಸುತ್ತಾ ವೇದಿಕೆಯ ಮೇಲೆ ಕಣ್ಣು ಪಿಳುಕಿಸದೆ, ಹಳಿಯ ಮೇಲೆ ಹೋದ ಹಾಗೆ ಮುಂದಕ್ಕೆ ಹಿಂದಕ್ಕೆ ಜಾರುತ್ತಿದ್ದರು. ಒಮ್ಮೊಮ್ಮೆ ಗಿಟಾರನ್ನು ಮೆಷಿನ್ ಗನ್ ಥರ ಜನರ ಕಡೆ ಗುರಿ ಹಿಡಿಯುತ್ತಿದ್ದರು. ವಿಡಿಯೋ ನೋಡಿ, ನಗು ಬರುತ್ತದೆ, ಸ್ವಲ್ಪ ಹೆದರಿಕೆಯೂ ಆಗುತ್ತದೆ.

ಹಾಡು ಬರೆಯುತ್ತಿದ್ದವರೂ ವಿಲ್ಕೊ. ಅವರ ಹಾಡುಗಳಲ್ಲಿ ಮಿಸಿಸಿಪಿ ಇಲ್ಲ, ಹತ್ತಿ ಹೊಲ ಇಲ್ಲ. ಬೆಳಗಿನ ಜಾವ ಉರಿಯುವ ಗೋಪುರಗಳಿವೆ, ಅಂದರೆ ಕ್ಯಾನ್ವಿಯ ಪಕ್ಕದ ಎಣ್ಣೆ ಕಾರ್ಖಾನೆಗಳ ಬೆಂಕಿ. ಜೆಟ್ಟಿ ಇದೆ. ರೆಕಾರ್ಡಿನ ಕವರ್ ಮೇಲಿನ ಕಪ್ಪು ಬಿಳುಪು ಚಿತ್ರದಲ್ಲಿ ನಾಲ್ವರೂ ಗಾಳಿಗೆ ಮುಖ ಕೊಟ್ಟು ನಿಂತಿದ್ದಾರೆ. ಬ್ರಿಟನ್ನಿನಲ್ಲಿ ಬ್ಲೂಸ್ ನುಡಿಸಿದ ಎಷ್ಟೋ ಒಳ್ಳೆಯ ಬ್ಯಾಂಡುಗಳು ಬಾಯಲ್ಲಿ ಅಮೆರಿಕ ಇಟ್ಟುಕೊಂಡೇ ಹಾಡಿದವು. ಇವರು ಅಮೆರಿಕದ ಗಾಡಿ ತಂದು ತಮ್ಮೂರಿನ ಸಾಮಾನು ಹೇರಿದರು. ನನ್ನ ಮಟ್ಟಿಗೆ ಇವರ ದೊಡ್ಡಸ್ತಿಕೆ ಅಲ್ಲೇ ಇದೆ.

ಆಮೇಲೆ ಏರಿದ್ದು ಬೇಗ. 1975ರಲ್ಲೇ ಎರಡನೇ ಎಲ್‌ಪಿ 'ಮ್ಯಾಲ್‌ಪ್ರಾಕ್ಟಿಸ್' ಬಂತು. 1976ರಲ್ಲಿ ಶೆಫೀಲ್ಡ್ ಮತ್ತು ಸೌತೆಂಡ್‌ನ ಕಾರ್ಯಕ್ರಮಗಳ ರೆಕಾರ್ಡಿಂಗನ್ನು 'ಸ್ಟುಪಿಡಿಟಿ' ಅಂತ ತಂದರು. ಅದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ನಂಬರ್ 1 ಆಯಿತು. ಪಬ್ಬಿನ ಮೂಲೆಯಿಂದ ಬಂದ ಬ್ಯಾಂಡು, ಅದೂ ಸ್ಟುಡಿಯೋದಲ್ಲಿ ಮಾಡದ ರೆಕಾರ್ಡು. ನನಗೆ ಆಶ್ಚರ್ಯ ಏನಿಲ್ಲ. ಅವರು ಹೇಗಿದ್ದರೋ ಹಾಗೇ ಜನಕ್ಕೆ ಸಿಕ್ಕಿದ್ದು ಆ ರೆಕಾರ್ಡಿನಲ್ಲೇ.

ಮುಂದಿನ ವರ್ಷ ಒಡೆದರು. 1977ರಲ್ಲಿ ನಾಲ್ಕನೇ ಎಲ್‌ಪಿ 'ಸ್ನೀಕಿನ್ ಸಸ್ಪಿಷನ್' ಮಾಡುವಾಗ ಒಂದು ಹಾಡು ಸೇರಿಸಬೇಕೋ ಬೇಡವೋ ಅಂತ ಜಗಳ ಬಂತು. ಹಾಡು ಬರೀ ನೆಪ. ಎಲ್ಲ ಹಾಡನ್ನೂ ಒಬ್ಬರೇ ಬರೆಯಬೇಕು ಅನ್ನುವ ಭಾರ, ವರ್ಷಗಟ್ಟಲೆ ಒಂದೇ ವ್ಯಾನಿನಲ್ಲಿ ಓಡಾಟ. ಉಳಿದ ಮೂವರು ಸಂಜೆಯಾದರೆ ಕುಡಿಯೋಕೆ ಕೂರುವವರು, ವಿಲ್ಕೊ ಆ ಗುಂಪಿಗೆ ಸೇರದವರು. ಅವರಾಗೇ ಬಿಟ್ಟರೋ ಬಿಡಿಸಿದರೋ ಅನ್ನುವುದರಲ್ಲಿ ಎರಡೂ ಕಡೆಯವರ ಮಾತು ಕೊನೆವರೆಗೂ ಕೂಡಿ ಬರಲಿಲ್ಲ. ಅವರ ಜಾಗಕ್ಕೆ ಜಿಪಿ ಮೇಯೊ ಬಂದರು. 1979ರಲ್ಲಿ 'ಮಿಲ್ಕ್ ಅಂಡ್ ಆಲ್ಕೊಹಾಲ್' ಹಾಡು ಮಾರಾಟದ ಪಟ್ಟಿಯಲ್ಲಿ 9ನೇ ಜಾಗದವರೆಗೆ ಏರಿತು. ಆದ್ದರಿಂದ ವಿಲ್ಕೊ ಹೋದ ಮೇಲೆ ಬ್ಯಾಂಡ್ ಮುಗಿಯಿತು ಅನ್ನುವವರ ಜೊತೆ ನಾನು ಸೇರಲಾರೆ. ಆದರೆ ಆ ಊರು, ಆ ಜೆಟ್ಟಿ ಹಾಡುಗಳಿಂದ ಮೆಲ್ಲಗೆ ಮರೆಯಾಯಿತು, ಅದಂತೂ ನಿಜ.

ಇವರನ್ನು ಪಂಕ್ ಅನ್ನುವ ಒರಟು, ವೇಗದ ರಾಕ್ ಸಂಗೀತದ ಅಜ್ಜಂದಿರು ಅಂತ ಪರಿಚಯ ಮಾಡಿಕೊಡುವುದು ಒಂದು ರೂಢಿ. ನನಗೆ ಆ ಪರಿಚಯ ಅಷ್ಟು ಹಿಡಿಸುವುದಿಲ್ಲ, ಮೊಮ್ಮಕ್ಕಳಿಗಾಗಿಯೇ ಅಜ್ಜ ಬದುಕಿದ್ದ ಅನ್ನುವ ಹಾಗೆ ಕೇಳುತ್ತದೆ. ಆದರೂ ಸಂಗತಿಗಳನ್ನು ಬಿಡೋಕಾಗಲ್ಲ. ಪಬ್ ಬ್ಯಾಂಡೊಂದರಲ್ಲಿದ್ದ ಜೋ ಸ್ಟ್ರಮ್ಮರ್, ವಿಲ್ಕೊ ನುಡಿಸುವುದನ್ನು ನೋಡಿ ಟೆಲಿಕಾಸ್ಟರ್ ಕೊಂಡರು, ಮುಂದೆ ಅದನ್ನು ಹಿಡಿದೇ ಕ್ಲ್ಯಾಶ್ ಅನ್ನುವ ಪಂಕ್ ಬ್ಯಾಂಡಿಗೆ ಹೋದರು. ನ್ಯೂಯಾರ್ಕಿನಲ್ಲಿ ಬ್ಲಾಂಡಿ ಬ್ಯಾಂಡಿನ ಡ್ರಮ್ಮರ್ ಕ್ಲೆಮ್ ಬರ್ಕ್ ಲಂಡನ್ನಿಗೆ ಹೋಗಿ ಬರುವಾಗ ಆ ಮೊದಲ ಎಲ್‌ಪಿ ತಂದು ಗೆಳೆಯರಿಗೆಲ್ಲ ಕೇಳಿಸಿದರಂತೆ. ಇವರ 'ರಾಕ್ಸೆಟ್' ಹಾಡಿನ ಹೆಸರನ್ನೇ ಹತ್ತು ವರ್ಷದ ಮೇಲೆ ಸ್ವೀಡನ್ನಿನ ಜೋಡಿಯೊಂದು ತನಗೆ ಇಟ್ಟುಕೊಂಡು ಲೋಕಪ್ರಸಿದ್ಧವಾಯಿತು.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು 400 ಪೌಂಡಿನ ಕಥೆ. 1976ರಲ್ಲಿ ಜೇಕ್ ರಿವಿಯೆರಾ ಮತ್ತು ಡೇವ್ ರಾಬಿನ್ಸನ್ ಒಂದು ಚಿಕ್ಕ ರೆಕಾರ್ಡ್ ಕಂಪನಿ ಶುರು ಮಾಡಬೇಕು ಅಂದುಕೊಂಡರು. ಜೇಕ್ ಹಿಂದೆ ಫೀಲ್‌ಗುಡ್ ಜೊತೆ ಪ್ರವಾಸದಲ್ಲಿ ಓಡಾಡಿದವರು. ಅದಕ್ಕೆ 400 ಪೌಂಡ್ ಕೈಸಾಲ ಕೊಟ್ಟವರು ಲೀ. ಕಂಪನಿಯ ಹೆಸರು ಸ್ಟಿಫ್ ರೆಕಾರ್ಡ್ಸ್. ಅದೇ ವರ್ಷ ಅಕ್ಟೋಬರಿನಲ್ಲಿ ಬ್ರಿಟನ್ನಿನ ಮೊದಲ ಪಂಕ್ ಸಿಂಗಲ್ (ಒಂದೆರಡು ಹಾಡಿನ ಸಣ್ಣ ರೆಕಾರ್ಡ್) ತಂದಿದ್ದು ಸ್ಟಿಫ್. ಎಲ್ವಿಸ್ ಕಾಸ್ಟೆಲೊ, ಇಯಾನ್ ಡ್ಯೂರಿ ಥರದ ಹಾಡುಗಾರರು ಜನಕ್ಕೆ ಗೊತ್ತಾಗಿದ್ದೂ ಅಲ್ಲಿಂದಲೇ. ಪಬ್‌ಗಳಲ್ಲಿ ಬೆವರು ಸುರಿಸಿ ಬಂದ ದುಡ್ಡು ಹೀಗೆ ಕೈಯಿಂದ ಕೈಗೆ ಹೋಯಿತು.

ಕೊನೆಯಲ್ಲಿ ಪ್ರಶ್ನೆಗಳಿಗೆ ಸಮಯ ಇತ್ತು. ಬ್ಯಾಂಡ್ ಈಗಲೂ ಇದೆಯಾ ಅಂತ ಒಬ್ಬರು ಕೇಳಿದರು. ಲೀ ತೀರಿಕೊಂಡ ಮೇಲೂ ನಡೆದುಕೊಂಡು ಬಂತು, ಶುರುವಿನ ನಾಲ್ವರಲ್ಲಿ ಒಬ್ಬರೂ ಇಲ್ಲದೆ. ಅದು ಅದೇ ಬ್ಯಾಂಡಾ ಅನ್ನುವುದು ನಿಮಗೆ ಬಿಟ್ಟಿದ್ದು. ಹಿಡಿಯೂ ಅಲಗೂ ಬದಲಾದ ಕತ್ತಿ ಅದೇ ಕತ್ತಿಯಾ ಅಂತ ಕೇಳಿದ ಹಾಗೆ.

ಇನ್ನೊಬ್ಬರು ವಿಲ್ಕೊ ಏನಾದರು ಅಂದರು. ಅದೊಂದು ಬೇರೆಯೇ ಕಥೆ. 2013ರ ಶುರುವಿನಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಹತ್ತು ತಿಂಗಳು ಉಳಿಯಬಹುದು ಅಂದರು ಡಾಕ್ಟರುಗಳು. ಕೀಮೋ ಬೇಡ ಅಂದರು ವಿಲ್ಕೊ. ಬೀಳ್ಕೊಡುಗೆ ಪ್ರವಾಸ ಮಾಡಿದರು. ಇದೇ ಕೊನೆಯದು ಅಂತ 'ದ ಹೂ' ಬ್ಯಾಂಡಿನ ಹಾಡುಗಾರ ರಾಜರ್ ಡಾಲ್ಟ್ರಿ ಜೊತೆ ಒಂದು ಆಲ್ಬಂ ಮಾಡಿದರು. ಹತ್ತು ತಿಂಗಳು ಕಳೆಯಿತು, ಮನುಷ್ಯ ಇನ್ನೂ ಗಿಟಾರ್ ಹಿಡಿದು ಓಡಾಡುತ್ತಲೇ ಇದ್ದಾರೆ. ಸಂಗೀತ ಕಾರ್ಯಕ್ರಮಗಳ ಫೋಟೋ ತೆಗೆಯುವ ಹವ್ಯಾಸ ಇದ್ದ ಒಬ್ಬ ಡಾಕ್ಟರಿಗೆ ಅನುಮಾನ ಬಂತು, ಇದು ಅವರು ಹೇಳಿದ ಥರದ ಗಡ್ಡೆ ಇರಲಾರದು ಅಂತ. 2014ರಲ್ಲಿ ಕೇಂಬ್ರಿಜ್‌ನಲ್ಲಿ ಆಪರೇಷನ್ ಆಯಿತು. ತೆಗೆದ ಗಡ್ಡೆ ಸುಮಾರು 3 ಕಿಲೋ. ಆಮೇಲೆ ಎಂಟು ವರ್ಷ ನುಡಿಸಿಕೊಂಡಿದ್ದು, 2022ರ ನವೆಂಬರಿನಲ್ಲಿ, 75ನೇ ವಯಸ್ಸಿನಲ್ಲಿ ಹೋದರು.

ಲೀಗೆ ಅಂಥ ಹೆಚ್ಚುವರಿ ವರ್ಷಗಳು ಸಿಗಲಿಲ್ಲ. ಅವರಿಗೂ ಕ್ಯಾನ್ಸರ್, ಲಿಂಫೋಮಾ. ಅಷ್ಟು ಹೊತ್ತಿಗೆ ಕ್ಯಾನ್ವಿಯಲ್ಲಿ ಬ್ಯಾಂಡಿನ ಹೆಸರಲ್ಲೇ ಒಂದು ಮ್ಯೂಸಿಕ್ ಬಾರ್ ಇತ್ತು. 1994ರ ಜನವರಿಯಲ್ಲಿ ಕೊನೆಯದಾಗಿ ಅಲ್ಲೇ ಹಾಡಿದರು, ಊರಿನವರ ಮುಂದೆ. ಏಪ್ರಿಲ್ 7ರಂದು ತೀರಿಕೊಂಡರು. ವಯಸ್ಸು 41.

ಆ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿದ್ದಾರೆ. ಅದರಿಂದ ಒಂದು ಹಾಡನ್ನು ಕೊನೆಗೆ ಕೇಳಿಸಿದೆ. ಹಾಕುವ ಮೊದಲು ಎಡಗಡೆಯ ಸ್ಪೀಕರಿನ ವೈರ್ ಕಿತ್ತೆ.